ಬೆಳ್ಳಿ ಬೆರಳು ತೋರಿಸಿದ ಹೆಸರು

ಹೆಸ್ಕೇಲ್ ಮುರಾದ್ ಶನಿವಾರ ಬೆಳಿಗ್ಗೆ ತೋರಾ ಧರ್ಮಗ್ರಂಥದ ಸುರುಳಿಯ ಮುಂದೆ ನಿಂತು ಬಾಯಿ ತೆರೆದರೆ ಜಪಾನಿನ ಕೋಬೆಯ ಬಂದರಿನಲ್ಲಿ ಹಡಗುಗಳು ನಿಂತುಬಿಡುತ್ತಿದ್ದವು. ಒಂದೆರಡಲ್ಲ, ನಲವತ್ತು. ಕಪ್ತಾನರು ಟೋಪಿ ತೆಗೆದು ಎದೆಗೊತ್ತಿಕೊಳ್ಳುತ್ತಿದ್ದರು. ಕ್ರೇನುಗಳು ಎತ್ತಿದ ಪೆಟ್ಟಿಗೆಯನ್ನು ಗಾಳಿಯಲ್ಲೇ ಹಿಡಿದುಕೊಂಡು ಕಾಯುತ್ತಿದ್ದವು. ರೊಕ್ಕೋ ಬೆಟ್ಟದ ಕಾಡುಹಂದಿಗಳು ಮರಿಗಳ ಸಮೇತ ಇಳಿದು ಬಂದು ಪ್ರಾರ್ಥನಾಮಂದಿರದ ಗೇಟಿನ ಹೊರಗೆ ಸಾಲಾಗಿ ಕೂರುತ್ತಿದ್ದವು. ಯೆಹೂದಿಗಳ ಮಂದಿರದೊಳಗೆ ಹಂದಿಗೆ ಪ್ರವೇಶವಿಲ್ಲ ಎಂಬ ಮರ್ಯಾದೆ ಅವಕ್ಕೂ ಗೊತ್ತಿತ್ತು. ಇಪ್ಪತ್ತೆರಡು ವರ್ಷಗಳಿಂದ ಇದು ತಪ್ಪದೆ ನಡೆದುಕೊಂಡು ಬಂದಿತ್ತು. ಸಾಕ್ಷಿ ಬೇಕೆಂದರೆ ಒಬ್ಬನೇ ಇದ್ದ, ಹೆಸ್ಕೇಲ್ ಮುರಾದ್.

ಮಂದಿರದಿಂದ ಎರಡು ಓಣಿ ಮೇಲೆ, ಉಸಿರು ಹಿಡಿದು ಹತ್ತಬೇಕಾದ ಏರಿನಲ್ಲಿ ಅವನ ಮನೆ. ಅಲ್ಲಿ ನಾಲ್ಕು ಜನ. ಹೆಂಡತಿ ತೀರಿಕೊಂಡ ಮೇಲೆ ಅಡುಗೆಮನೆಯ ಈರುಳ್ಳಿ ಸುಲಿಯುವ ಕೆಲಸವನ್ನೇ ತನ್ನ ಅಧಿಕಾರವೆಂದು ಹಿಡಿದುಕೊಂಡಿದ್ದ ಹೆಸ್ಕೇಲ್. ಅವನ ಹಳೆಯ ಮುತ್ತಿನ ವ್ಯಾಪಾರವನ್ನು ಮುಂದುವರಿಸಿಕೊಂಡು ಹೋಗುತ್ತಿದ್ದ ಮಗ ಯೋಸೆಫ್. ಇದೇ ಊರಿನ ಜಪಾನಿ ಮನೆಯಲ್ಲಿ ಹುಟ್ಟಿ, ಎರಡು ವರ್ಷ ಕಲಿತು, ಈ ಧರ್ಮಕ್ಕೆ ಸೇರಿ ಯೋಸೆಫನನ್ನು ಮದುವೆಯಾದ ಸೊಸೆ ಚಿಹಾರು. ಮತ್ತು ಅಜ್ಜಿಯ ಹೆಸರನ್ನೇ ಇಟ್ಟುಕೊಂಡ ಹತ್ತು ವರ್ಷದ ಫರ್ಹಾ.

ಆ ಮನೆಯಲ್ಲಿ ಜಗಳ ಹುಟ್ಟಿದ್ದು ಒಳ್ಳೆಯದೊಂದು ನಡೆದದ್ದರಿಂದ. ಊರಿನ ಯೆಹೂದಿ ಮಕ್ಕಳಿಗೆ ಹೀಬ್ರೂ ಕಲಿಸುವವರು ಮೂವತ್ತು ವರ್ಷಗಳಿಂದ ಯಾರೂ ಇರಲಿಲ್ಲ. ಹೋದ ವಸಂತದ ಸಭೆಯಲ್ಲಿ ಆ ಮಾತು ಬಂದಾಗ ಎಲ್ಲರಿಗಿಂತ ಮೊದಲು ಮೇಜು ಗುದ್ದಿದವನು ಹೆಸ್ಕೇಲ್. ಮಕ್ಕಳು ಅಕ್ಷರವಿಲ್ಲದೆ ಬೆಳೆಯುತ್ತಿವೆ, ನಾಚಿಕೆಯಾಗಬೇಕು, ಸಮುದ್ರದ ಆಚೆಯಿಂದ ಮೇಷ್ಟ್ರನ್ನು ನಾನೇ ಹೆಗಲ ಮೇಲೆ ಹೊತ್ತು ತರುತ್ತೇನೆ ಎಂದು ಸಾರಿದ್ದ. ಚಪ್ಪಾಳೆ ಬಿತ್ತು. ಮೂವತ್ತು ವರ್ಷ ಬಾರದ ಮೇಷ್ಟ್ರು ಇನ್ನು ಮೂವತ್ತು ವರ್ಷ ಬರುವುದಿಲ್ಲ ಎಂದು ಅವನು ಖಚಿತವಾಗಿ ನಂಬಿದ್ದ.

ಅಕ್ಟೋಬರಿನಲ್ಲಿ, ಹಬ್ಬಗಳೆಲ್ಲ ಮುಗಿದ ವಾರ, ತಿರ್ಜಾ ಎಂಬ ಇಪ್ಪತ್ತಾರು ವರ್ಷದ ಹುಡುಗಿ ಬಂದೇಬಿಟ್ಟಳು, ಯಾರ ಹೆಗಲೂ ಏರದೆ, ಕೆಂಪು ಸೈಕಲ್ಲಿನಲ್ಲಿ. ಮಂದಿರದ ಮಹಡಿಯಲ್ಲಿ ಮುರಿದ ಕುರ್ಚಿಗಳನ್ನು ತುಂಬಿಟ್ಟಿದ್ದ ಕೋಣೆಯನ್ನು ತೊಳೆಸಿ, ಗೋಡೆಗೆ ಹಳದಿ ಬಣ್ಣ ಹೊಡೆಸಿದಳು. ಮೊದಲ ಭಾನುವಾರ ಮೂರು ಮಕ್ಕಳು, ನಾಲ್ಕನೆಯದಕ್ಕೆ ಹನ್ನೊಂದು. ಬುಧವಾರ ಸಂಜೆ ದೊಡ್ಡವರ ತರಗತಿ. ಅಲ್ಲಿ ಮಂದಿರದ ಮೇಲ್ವಿಚಾರಕ ಬೆಖೋರ್, ಎಪ್ಪತ್ತಾರು ವರ್ಷದವನು, ಭೂತಗನ್ನಡಿ ಹಿಡಿದು ಹಿಂದಿನ ಬೆಂಚಿನಲ್ಲಿ ಕೂತ. ಹೆಸ್ಕೇಲ್ ಹೇಳುವ ಪ್ರಕಾರ ಮುನ್ನೂರು ವಿದ್ಯಾರ್ಥಿಗಳು, ಮೆಟ್ಟಿಲ ಮೇಲೆಲ್ಲ ಚಪ್ಪಲಿ.

ಮೊದಲ ಭಾನುವಾರದ ಹಿಂದಿನ ದಿನ, ಯಾವ ಯಂತ್ರವನ್ನೂ ಮುಟ್ಟದ ಸಬ್ಬತ್ ವಿಶ್ರಾಂತಿ ಮುಗಿದ ಮೇಲೆ ಊಟಕ್ಕೆ ಕೂತಾಗ ಫರ್ಹಾ ಮೀನಿನ ಮುಳ್ಳು ಬಿಡಿಸುತ್ತ ಕೇಳಿದಳು.

"ತಾತ, ನಾಳೆ ನೀವೇ ನನ್ನ ಕರ್ಕೊಂಡ್ ಹೋಗಿ. ನಾನು ನಿಮ್ಮ ಮೊಮ್ಮಗಳು ಅಂತ ಟೀಚರ್‌ಗೆ ಗೊತ್ತಾಗ್ಬೇಕು."

"ನನ್ನ ಮೊಮ್ಮಗಳು ಇನ್ನೊಬ್ಬರ ಮುಂದೆ ಬೆಂಚಲ್ಲಿ ಕೂರೋದಾ? ಕೇಳಿದವರು ನಗ್ತಾರೆ. ನಾನೇ ಕಲಿಸ್ತೀನಿ."

ಯೋಸೆಫ್ ಊಟದ ಕಡ್ಡಿಗಳನ್ನು ಬಟ್ಟಲಿನ ಮೇಲಿಟ್ಟ. "ಅಪ್ಪ, ಮೇಷ್ಟ್ರು ಬೇಕು ಅಂತ ಮೇಜು ಗುದ್ದಿದ್ದು ನೀವೇ ಅಲ್ವಾ?"

"ಬೇರೆ ಮನೆ ಮಕ್ಕಳಿಗೆ ಗುದ್ದಿದ್ದು. ನಮ್ಮನೇಲಿ ಸಮುದ್ರಾನೇ ಇರುವಾಗ ನಲ್ಲಿ ಯಾಕೆ?"

ಚಿಹಾರು ಮಾವನ ಬಟ್ಟಲಿಗೆ ಇನ್ನಷ್ಟು ಅನ್ನ ಬಡಿಸಿದಳು. ಅವಳಿಗೆ ಸಿಟ್ಟು ಬಂದಾಗ ಅನ್ನ ಹೆಚ್ಚು ಬೀಳುತ್ತಿತ್ತು.

ಹೆಸ್ಕೇಲನಿಗೆ ಅಕ್ಷರ ಬರುತ್ತಿರಲಿಲ್ಲ. ಮಾತು ಎಷ್ಟು ಉದ್ದವೋ ಸತ್ಯ ಅಷ್ಟೇ ಗಿಡ್ಡ. ಇಂಗ್ಲಿಷ್ ಓದುತ್ತಿದ್ದ, ಜಪಾನಿ ಪತ್ರಿಕೆ ಓದುತ್ತಿದ್ದ, ಬಾಗ್ದಾದಿನ ಅರಬ್ಬಿ ಮಾತಾಡುತ್ತಿದ್ದ. ಹೀಬ್ರೂ ಅಕ್ಷರ ಒಂದೂ ಗೊತ್ತಿರಲಿಲ್ಲ. ಅವನು ಹುಡುಗನಾಗಿದ್ದಾಗ ಯುದ್ಧ ನಡೆದಿತ್ತು, ಅಪ್ಪ ಸತ್ತಿದ್ದ, ಕಲಿಸುವವರಿರಲಿಲ್ಲ. ಪ್ರಾರ್ಥನೆಗಳೆಲ್ಲ ಕಿವಿಯಿಂದ ಒಳಗೆ ಹೋಗಿ ಕೂತಿದ್ದವು. ಊರಿಗೆಲ್ಲ ಸುರುಳಿ ಓದುತ್ತಿದ್ದವನು ಅವನ ಸೋದರಮಾವ ಸಾಲಿಹ್. ಆ ಮಾವ ಮುದುಕನಾದ ಮೇಲೆ ವರ್ಷದ ಅಷ್ಟೂ ವಾರಗಳ ಪಾಠವನ್ನು ಕ್ಯಾಸೆಟ್ಟಿನಲ್ಲಿ ಹಾಡಿಟ್ಟು ತೀರಿಕೊಂಡ. ಮುಂದೆ ಯಾರು ಓದುತ್ತಾರೆ ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಒಂದು ಬಾಯಿ ತಡೆಯಲಾರದೆ, ನಿದ್ದೆಯಲ್ಲೆಬ್ಬಿಸಿದರೂ ಓದುತ್ತೇನೆ ಎಂದುಬಿಟ್ಟಿತು. ಮುಂದಿನ ಶನಿವಾರಕ್ಕೆ ಆರು ದಿನ ಉಳಿದಿತ್ತು.

ಅಂದಿನಿಂದ ಪ್ರತಿ ವಾರ ಹೀಗೆ. ಬಿಸ್ಕತ್ತಿನ ಡಬ್ಬಿಯಲ್ಲಿ ಐವತ್ತನಾಲ್ಕು ಕ್ಯಾಸೆಟ್ಟು. ಭಾನುವಾರದಿಂದ ಶುಕ್ರವಾರದವರೆಗೆ ಈರುಳ್ಳಿ ಸುಲಿಯುತ್ತ, ಪಾತ್ರೆ ಒರೆಸುತ್ತ, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಮಾವನ ದನಿಯನ್ನು ನುಂಗುತ್ತಿದ್ದ. ಅಪ್ಪ ಕುದುರೆ ರೇಸಿನ ಸುದ್ದಿ ಕೇಳುತ್ತಾನೆ ಎಂದು ಮಗ, ಹಳೇ ಅರಬ್ಬಿ ಹಾಡು ಕೇಳುತ್ತಾನೆ ಎಂದು ಸೊಸೆ ತಿಳಿದಿದ್ದರು. ಶನಿವಾರ ಮರದ ಪೆಟ್ಟಿಗೆಯ ಬಾಗಿಲು ತೆರೆದರೆ ಒಳಗೆ ನೆಟ್ಟಗೆ ನಿಂತ ಸುರುಳಿ. ಸ್ವರಗುರುತಿಲ್ಲದ, ವಿರಾಮಗುರುತಿಲ್ಲದ ಕಪ್ಪು ಅಕ್ಷರಗಳ ಗೋಡೆ. ಆ ಗೋಡೆಯ ಮೇಲೆ ಬೆಳ್ಳಿಯ ಓದುಕಡ್ಡಿಯನ್ನು, ತುದಿಯಲ್ಲಿ ಪುಟ್ಟ ಕೈಯೂ ಚಾಚಿದ ಒಂದು ಬೆರಳೂ ಇರುವ ಕಡ್ಡಿಯನ್ನು, ಜಾರಿಸುತ್ತ ಬಾಯಿಪಾಠ ಒಪ್ಪಿಸುತ್ತಿದ್ದ. ಯಾವ ವಾರಕ್ಕೆ ಎಷ್ಟು ಅಂಕಣ ಎಂದು ಮಾವ ಕ್ಯಾಸೆಟ್ಟಿನ ಬೆನ್ನ ಮೇಲೆ ಬರೆದಿದ್ದ. ಅಷ್ಟು ಎಣಿಸಿ, ನಿಂತಲ್ಲಿಗೆ ನಿಲ್ಲಿಸಿ, ಮುಂದಿನ ವಾರ ಅಲ್ಲಿಂದ ಹೊರಡುತ್ತಿದ್ದ. ಪೆಟ್ಟಿಗೆಯನ್ನು ಬೇರೆ ಯಾರೂ ಮುಟ್ಟಕೂಡದು. ಪಕ್ಕದಲ್ಲಿ ನಿಂತ ಬೆಖೋರ್ ಸ್ವರಗುರುತಿರುವ ಅಚ್ಚಿನ ಪುಸ್ತಕದಲ್ಲಿ ಹೋಲಿಸಿ ನೋಡುತ್ತಿದ್ದ. ಒಂದು ಉಚ್ಚಾರವೂ ತಪ್ಪುತ್ತಿರಲಿಲ್ಲ. ಓದು ಬಲ್ಲ ಪರವೂರಿನವರು ಬಂದರೆ ಹೆಸ್ಕೇಲ್ ಬಗ್ಗಿ ನಮಸ್ಕರಿಸಿ, ಅತಿಥಿಗೇ ಓದುವ ಗೌರವ ಎನ್ನುತ್ತಿದ್ದ. ಎಂಥ ದೊಡ್ಡ ಮನಸ್ಸು ಎಂದು ಜನ ಹೊಗಳುತ್ತಿದ್ದರು. ಮೈಗೆ ಹುಷಾರಿಲ್ಲದೆ ಅವನು ಮಲಗಿದ ಶನಿವಾರವೆಂದರೆ ವರ್ಷಕ್ಕೆ ಒಂದೇ, ಜೂನಿನಲ್ಲಿ ಮಳೆ ಹಿಡಿಯುವ ಹೊತ್ತಿಗೆ. ಆವತ್ತು ಬೆಖೋರ್ ಅಚ್ಚಿನ ಪುಸ್ತಕದಿಂದಲೇ ತಡವರಿಸಿ ಮುಗಿಸುತ್ತಿದ್ದ.

ಇಂಥವನು ಮೊಮ್ಮಗಳಿಗೆ ಕಲಿಸಲು ಕೂತ. ಅವಳು ಪುಸ್ತಕ ಬಿಡಿಸಿ, ಇದು ಯಾವ ಅಕ್ಷರ ಎಂದು ಕೇಳಿದಳು. ಅಕ್ಷರ ಆಮೇಲೆ, ಮೊದಲು ರಾಗ ಎಂದ. ಅವಳು ರಾಗ ಹೇಳಿ ಮತ್ತೆ, ಇದು ಯಾವ ಅಕ್ಷರ ಎಂದಳು. ನೀರು ಕುಡಿದು ಬರುತ್ತೇನೆಂದು ಎದ್ದುಹೋದ ತಾತ ಅರ್ಧ ಗಂಟೆ ಬರಲಿಲ್ಲ. ಎರಡು ಭಾನುವಾರ ಹೀಗೆ ಕಳೆದವು. ಮೂರನೆಯ ಭಾನುವಾರ ಚಿಹಾರು ಯಾರನ್ನೂ ಕೇಳದೆ ಮಗಳಿಗೆ ಕೋಟು ತೊಡಿಸಿ ಹಳದಿ ಕೋಣೆಗೆ ಕರೆದುಕೊಂಡು ಹೋದಳು. ಬುಧವಾರ ತಾನೂ ಹೋದಳು. ಮರು ಬುಧವಾರ ಯೋಸೆಫನೂ ಹೋದ.

ಮನೆ ತುಂಬ ಅಕ್ಷರಗಳು ಹಬ್ಬಿದವು. ಫರ್ಹಾ ಬಣ್ಣದ ಚೀಟಿಗಳಲ್ಲಿ ಬರೆದು ಸೋಯಾ ಬಾಟಲಿಗೆ, ಅನ್ನದ ಕುಕ್ಕರಿಗೆ, ಫ್ರಿಜ್ಜಿಗೆ, ಬಚ್ಚಲ ಕನ್ನಡಿಗೆ, ತಾತ ಹಲ್ಲುಸೆಟ್ಟು ಇಡುವ ಲೋಟಕ್ಕೂ ಅಂಟಿಸಿದಳು. ಅಪ್ಪನ ಚಪ್ಪಲಿಯ ಗೂಡಿನ ಮೇಲೆ ನಾಲ್ಕು ಅಕ್ಷರಗಳ ಚೀಟಿ: ಯೋಸೆಫ್. ಅವಳು ಓದಲು ಕಲಿತ ಮೊದಲ ಹೆಸರು ಅದು. ಹೆಸ್ಕೇಲ್ ಹಲ್ಲುಸೆಟ್ಟು ತೆಗೆಯಲು ಹೋದರೂ ಒಂದು ಅಕ್ಷರ ಅವನನ್ನು ದುರುಗುಟ್ಟಿ ನೋಡುತ್ತಿತ್ತು. ಯಾರೂ ಇಲ್ಲದಾಗ ಅವನೂ ಅದನ್ನು ನೋಡುತ್ತಿದ್ದ. ಕಲಿತುಬಿಡೋಣವೇ ಎಂದು ಒಮ್ಮೆ ಅನ್ನಿಸುತ್ತಿತ್ತು. ಎಪ್ಪತ್ತೊಂದರಲ್ಲಿ ಅಆ ಕಲಿಯುವುದನ್ನು ಯಾರಾದರೂ ಕಂಡರೆ ಏನು ಗತಿ ಎಂದು ಮರುಗಳಿಗೆ ಅನ್ನಿಸುತ್ತಿತ್ತು. ಹುಡುಗಿ ಚೆನ್ನಾಗಿ ಕಲಿಯಲಿ ಎಂದೂ ಬೇಕಿತ್ತು, ಕಲಿಯದಿರಲಿ ಎಂದೂ ಬೇಕಿತ್ತು. ಯಾವುದು ಹೆಚ್ಚು ಬೇಕಿತ್ತೆಂದು ಅವನಿಗೇ ತಿಳಿಯದು. ಒಂದು ಮಂಗಳವಾರ ತಲೆ ಕೆಟ್ಟು ಎಲ್ಲ ಚೀಟಿಗಳನ್ನೂ ಕಿತ್ತು ಡ್ರಾಯರಿನಲ್ಲಿ ತುರುಕಿದ.

ಆ ಸಂಜೆ ಚಿಹಾರು ಅನ್ನ ಬಡಿಸಲಿಲ್ಲ. ಸೌಟು ಕೆಳಗಿಟ್ಟು ನಿಂತಳು.

"ಮಾವ, ನಂಗೆ ಅರ್ಥವೇ ಆಗ್ತಿಲ್ಲ. ಈ ಧರ್ಮಕ್ಕೆ ಬರೋವಾಗ ನೀವೇ ಹೇಳಿದ್ರಿ, ನಮ್ಮಲ್ಲಿ ಮಗುವಿಗೆ ಮೊದಲು ಅಕ್ಷರ, ಆಮೇಲೆ ಅನ್ನ ಅಂತ. ಈಗ ಅಕ್ಷರ ಕಿತ್ತು ಡ್ರಾಯರಿಗೆ ಹಾಕ್ತೀರ. ನಾನು ತಪ್ಪು ತಿಳ್ಕೊಂಡಿದ್ನಾ?"

"ನನ್ನ ಕಣ್ಣು ಮಂಜಾಗಿದೆ ಕಣಮ್ಮ. ಆ ಬಣ್ಣಬಣ್ಣದ ಚೀಟಿ ಕುಕ್ಕುತ್ತೆ."

"ಕಣ್ಣಾ?" ಯೋಸೆಫ್ ನಕ್ಕ. "ನಿನ್ನೆ ಉತ್ತರದ ಕಿಟಕಿ ಹತ್ರ ಮುನ್ನೂರು ಮುತ್ತಲ್ಲಿ ಒಂದರ ಬಣ್ಣ ಹಸಿರಿಗೆ ತಿರುಗಿದೆ ಅಂತ ದೂರದಿಂದಲೇ ಹೇಳಿದೋರು ಯಾರಪ್ಪ?"

ಹೆಸ್ಕೇಲ್ ನಾಲ್ಕು ಸಾವಿರ ಮುತ್ತು ಎಂದು ತಿದ್ದಿದ, ಅಷ್ಟೇ. ಅಂದಿನಿಂದ ಅವನ ಎದುರಿಗೆ ತರಗತಿಯ ಮಾತು ಎತ್ತುವುದನ್ನೇ ಮನೆಯವರು ಬಿಟ್ಟರು. ಉಪ್ಪು ಕೊಡಿ, ಸಾರು ಆರಿತು, ಇಷ್ಟೇ ಮಾತು. ಫರ್ಹಾ ಪಾಠವನ್ನು ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಓದತೊಡಗಿದಳು.

ಹಾಗಾಗಿ ನವೆಂಬರಿನ ಕೊನೆಯ ಗುರುವಾರ ನಡೆದದ್ದನ್ನು ಅವನಿಗೆ ಯಾರೂ ಹೇಳಲಿಲ್ಲ. ಬೆಖೋರನ ಒಪ್ಪಿಗೆ ಪಡೆದು ತಿರ್ಜಾ ಆವತ್ತು ಮಕ್ಕಳನ್ನು ಬೇರೆಯಾಗಿ ಕರೆಸಿ ಸುರುಳಿಯ ಪೆಟ್ಟಿಗೆ ತೆರೆದು ತೋರಿಸಿದ್ದಳು. ದೇವರು ಸಮುದ್ರ ಸೀಳಿ ದಾರಿ ಕೊಟ್ಟ ಮೇಲೆ ಪೂರ್ವಜರು ಹಾಡಿದ ಹಾಡು ಎಲ್ಲಿದೆಯೋ ಅಲ್ಲಿಯತನಕ ತಿರುಗಿಸಿ, ಅಕ್ಷರಗಳನ್ನು ಇಟ್ಟಿಗೆಯಂತೆ ಜೋಡಿಸಿದ್ದನ್ನು ಮಕ್ಕಳು ಬಾಯಿ ಬಿಟ್ಟು ನೋಡಿದ್ದರು. ಅಷ್ಟರಲ್ಲಿ ಯಾರೋ ಅವಳನ್ನು ಹೊರಗೆ ಕರೆದರು. ಶನಿವಾರದ ಪಾಠ ಯಾಕೋಬನದು, ಅಲ್ಲಿಗೆ ಹಿಂದಕ್ಕೆ ಸುತ್ತಬೇಕು ಎಂದು ಹೇಳಿ ಹೋದಳು. ತಾನು ಬಂದು ಸುತ್ತುತ್ತೇನೆ ಎಂದು ಅವಳ ಅರ್ಥ. ಫರ್ಹಾ ಸ್ಟೂಲು ಹತ್ತಿ, ಸುರುಳಿಯ ಚರ್ಮದ ಹಾಳೆಗೆ ಬೆರಳು ತಾಗದಂತೆ ಮೇಲಿನ ಮರದ ಗುಬುಟು ಹಿಡಿದು, ನಿಧಾನವಾಗಿ ಹಿಂದಕ್ಕೆ ಸುತ್ತಿದಳು. ಒಂದು ಕಡೆ ಖಾಲಿ ಜಾಗ ಬಿಟ್ಟು ಹೊಸದಾಗಿ ಶುರುವಾದ ಸಾಲು ಕಂಡಿತು. ಅದರಲ್ಲಿ ಯಾಕೋಬ ಎಂಬ ಹೆಸರನ್ನು ತಾನಾಗಿಯೇ ಓದಿದಳು. ಶನಿವಾರ ತಾತನಿಗೆ ಜಾಗ ಸಿದ್ಧ ಮಾಡಿದ್ದು ನಾನು ಎಂದುಕೊಂಡು ಪೆಟ್ಟಿಗೆ ಮುಚ್ಚಿದಳು. ತಿರ್ಜಾ ಮರಳಿ ಬಂದು, ಸುತ್ತಿದ್ದನ್ನು ಬೆಖೋರನೇ ನೋಡಿಕೊಂಡನೆಂದು ತಿಳಿದು ದೀಪ ಆರಿಸಿದಳು. ಆದರೆ ಯಾಕೋಬನ ಹೆಸರು ಒಂದೇ ಕಡೆ ಇರುವುದಲ್ಲ. ಹುಡುಗಿ ನಿಂತದ್ದು ಎರಡು ವಾರ ಮುಂದಿನ ಪಾಠದಲ್ಲಿ, ಯಾಕೋಬನ ಮಗ ಯೋಸೇಫನ ಕಥೆ ಮೊದಲಾಗುವಲ್ಲಿ.

ಶನಿವಾರ ಬೆಳಿಗ್ಗೆ ಚಿಹಾರು ಕೋಳಿ ಅನ್ನದ ತಬೀತನ್ನು ಹಿಂದಿನ ಸಂಜೆಯಿಂದಲೇ ಬೆಚ್ಚಗಿದ್ದ ಕುಕ್ಕರಿನಲ್ಲಿ ಬಿಟ್ಟು ಮಂದಿರಕ್ಕೆ ಹೋಗಿ, ಮೇಲಿನ ಹೆಂಗಸರ ಸಾಲಿನಲ್ಲಿ ತಿರ್ಜಾಳ ಪಕ್ಕ ಕೂತಳು. ಕೆಳಗೆ ಹೆಸ್ಕೇಲ್ ಪೆಟ್ಟಿಗೆ ತೆರೆದ. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಫರ್ಹಾ ನಿಂತಳು. ಮಕ್ಕಳು ಹಾಗೆ ನಿಲ್ಲುವುದು ಅಲ್ಲಿ ರೂಢಿ. ಸುರುಳಿ ಎಂದಿನಂತೆ ಗೋಡೆ. ಓದಿಗೆ ಮೊದಲು ಸುರುಳಿಯ ಬಳಿಗೆ ಕರೆದದ್ದು ಯೋಸೆಫನನ್ನು. ಅವನು ಮಂತ್ರ ಹೇಳಿದ. ಹೆಸ್ಕೇಲ್ ಬೆಳ್ಳಿ ಬೆರಳಿಟ್ಟು ದನಿ ತೆಗೆದ. ನಲವತ್ತು ಹಡಗು ನಿಂತವು. ಯಾಕೋಬ ಮನೆ ಬಿಟ್ಟು ಹೊರಟ, ಕಲ್ಲನ್ನು ತಲೆದಿಂಬು ಮಾಡಿದ, ಕನಸಿನಲ್ಲಿ ಏಣಿ ಕಂಡ. ಏಣಿಯ ಮೇಲೆ ದೇವದೂತರು ಹತ್ತಿ ಇಳಿಯುತ್ತಿದ್ದಾಗ ಫರ್ಹಾ ಅವನ ತೋಳು ಮುಟ್ಟಿದಳು.

"ತಾತ, ನಿಮ್ಮ ಬೆರಳು ಅಪ್ಪನ ಹೆಸರ ಮೇಲಿದೆ. ನೀವು ಅದನ್ನ ಓದ್ಲೇ ಇಲ್ಲ."

ದನಿ ನಿಂತಿತು. ಬೆಖೋರ್ ಅಚ್ಚಿನ ಪುಸ್ತಕ ನೋಡಿದ, ಸುರುಳಿ ನೋಡಿದ, ಮತ್ತೆ ಪುಸ್ತಕ ನೋಡಿದ.

"ಇಲ್ಲಿ ಯೋಸೇಫ ಹೇಗೆ ಬಂದ? ಅವರಪ್ಪನಿಗೆ ಇನ್ನೂ ಮದುವೇನೇ ಆಗಿಲ್ಲ."

ಭೂತಗನ್ನಡಿ ಹೊರಬಂತು. ಅವನು ಅಕ್ಷರಕ್ಕೆ ಅಕ್ಷರ ಕೂಡಿಸಿ ಆ ನಾಲ್ಕನ್ನೂ ಓದಿದ. ಸ್ವರಗುರುತಿಲ್ಲದೆ ಓದುವುದು ಹೋದ ವರ್ಷವಾಗಿದ್ದರೆ ಅವನಿಗೂ ಆಗುತ್ತಿರಲಿಲ್ಲ. ಹೆಸ್ಕೇಲ್ ಕನ್ನಡಕ ಮಂಜಾಗಿದೆ ಎಂದ. ಸುರುಳಿ ಬಾಗ್ದಾದಿನದು, ನೂರೈವತ್ತು ವರ್ಷದ್ದು, ಅಕ್ಷರಗಳು ಸರಿದಿರಬಹುದು ಎಂದ. ಯೋಸೆಫ್ ಅಪ್ಪನ ಮುಖವನ್ನು ಹಸಿರಿಗೆ ತಿರುಗಿದ ಮುತ್ತನ್ನು ನೋಡುವಂತೆ ನೋಡುತ್ತಿದ್ದ. ಕೂತವರಲ್ಲಿ ಯಾರಿಗೂ ಏನಾಗಿದೆಯೆಂದು ಗೊತ್ತಾಗಲಿಲ್ಲ. ಓದಿದ್ದು ಸರಿಯಾಗಿಯೇ ಕೇಳಿಸಿತ್ತಲ್ಲ ಎಂದು ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು.

ಅಷ್ಟರಲ್ಲಿ ಫರ್ಹಾಳ ಕಣ್ಣು ತುಂಬಿತು. ಗುರುವಾರ ಸುತ್ತಿದ್ದು ತಾನೆಂದು, ತಪ್ಪು ಜಾಗದಲ್ಲಿ ನಿಲ್ಲಿಸಿದ್ದು ತಾನೆಂದು, ತಾತನಿಗೆ ಬೈಯಬೇಡಿ ಎಂದು ಒಂದೇ ಉಸಿರಿಗೆ ಹೇಳಿದಳು. ಬೆಖೋರನಿಗೆ ಹಿಡಿಯಲು ಒಂದು ಕಾರಣ ಸಿಕ್ಕಿದಂತಾಯಿತು. ಅವನು ಸಿಟ್ಟಾಗಲಿಲ್ಲ, ತಲೆಯಾಡಿಸಿದ.

"ಹಾಗೇನು. ಮಕ್ಕಳ ಕೈಗೆ ಸುರುಳಿ ಕೊಟ್ಟದ್ದು ನಮ್ಮದೇ ತಪ್ಪು. ಇನ್ಮೇಲೆ ತರಗತಿಯೋರು ಇದನ್ನ ಮುಟ್ಟೋದು ಬೇಡ. ಆ ತರಗತೀನೇ ಸ್ವಲ್ಪ ದಿನ ನಿಲ್ಸಿ ಯೋಚನೆ ಮಾಡೋಣ. ಹೆಸ್ಕೇಲ್, ಸರಿಯಾದ ಜಾಗಕ್ಕೆ ನೀನೇ ಸುತ್ತು."

ಆರು ವಾರದಿಂದ ಹೆಸ್ಕೇಲನಿಗೆ ಬೇಕಾಗಿದ್ದದ್ದು ತಾನಾಗಿಯೇ ಬಂದು ಅಂಗೈಯಲ್ಲಿ ಕೂತಿತ್ತು. ತರಗತಿ ಇಲ್ಲ, ಚೀಟಿ ಇಲ್ಲ, ಪೆಟ್ಟಿಗೆ ಮತ್ತೆ ತನ್ನೊಬ್ಬನದು. ಸುಮ್ಮನೆ ತಲೆಯಾಡಿಸಿದರೆ ಮುಗಿಯಿತು. ಅವನು ಗುಬುಟಿಗೆ ಕೈ ಹಾಕಿದ. ಯಾವ ಕಡೆ ತಿರುಗಿಸಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಫರ್ಹಾ ತೋಳಿನಿಂದ ಮೂಗು ಒರೆಸಿಕೊಳ್ಳುತ್ತ, ಅವನು ತಪ್ಪನ್ನು ಸರಿ ಮಾಡುವುದನ್ನು ಕಾಯುತ್ತಿದ್ದಳು.

ಅವನು ಬೆಳ್ಳಿ ಬೆರಳನ್ನು ತೆಗೆದು ಅವಳ ಕೈಯಲ್ಲಿಟ್ಟ.

"ತಪ್ಪು ಮಗೂದಲ್ಲ, ಬೆಖೋರ್. ಓದೋಕೆ ಬರೋನು ಇಲ್ಲಿ ನಿಂತಿದ್ರೆ ಮೊದಲನೇ ಸಾಲಲ್ಲೇ ಜಾಗ ತಪ್ಪಿದೆ ಅಂತ ಹೇಳ್ತಿದ್ದ. ನಂಗೆ ಓದೋಕೆ ಬರಲ್ಲ. ಒಂದು ಅಕ್ಷರಾನೂ. ತರಗತಿ ನಿಲ್ಲಿಸಬೇಡ."

ಬೆಖೋರ್ ಕೂತುಬಿಟ್ಟ. ಅಕ್ಷರ ನೋಡಿ ಓದದ ಇಪ್ಪತ್ತೆರಡು ವರ್ಷದ ಪಾಠ ಧರ್ಮದಲ್ಲಿ ಸಲ್ಲುತ್ತದೆಯೋ ಇಲ್ಲವೋ, ಯಾರನ್ನು ಕೇಳಬೇಕು, ಯಾವ ಊರಿಗೆ ಬರೆಯಬೇಕು, ಅವನಿಗೆ ತೋಚಲಿಲ್ಲ. ಯಾರಿಗೂ ತೋಚಲಿಲ್ಲ. ಕೊನೆಗೆ ಪೆಟ್ಟಿಗೆ ಮುಚ್ಚಿ, ಜೂನಿನ ಜ್ವರದ ಶನಿವಾರದಂತೆ ಅಚ್ಚಿನ ಪುಸ್ತಕದಿಂದಲೇ ಓದುವುದೆಂದಾಯಿತು. ಈ ಸಲ ಬೆಖೋರ್ ಒಬ್ಬನೇ ತಡವರಿಸಬೇಕಾಗಲಿಲ್ಲ. ಬುಧವಾರದವರು ಎರಡೆರಡು ಸಾಲು ಹಂಚಿಕೊಂಡರು. ಯೋಸೆಫ್ ಮೂರು ಸಾಲು ಓದಿದ, ಬೆವರು ಒರೆಸಿಕೊಂಡು. ಮುಗಿಯುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಹೆಸ್ಕೇಲ್ ಕೊನೆಯ ಬೆಂಚಿನಲ್ಲಿ ಕೂತು ಪ್ರತಿ ಸಾಲನ್ನೂ ತುಟಿಯೊಳಗೆ ಹೇಳಿಕೊಳ್ಳುತ್ತಿದ್ದ. ಅಲ್ಲಲ್ಲಿ ಅವರು ತಪ್ಪಿದಾಗ ಅವನ ತುಟಿ ತಪ್ಪಲಿಲ್ಲ.

ಮನೆಯಲ್ಲಿ ಊಟಕ್ಕೆ ಕೂತಾಗ ತಬೀತ್ ತಳ ಹಿಡಿದಿತ್ತು.  ಯೋಸೆಫ್ ಅಪ್ಪನ ಮೇಲೆ ತನಗೆ ಸಿಟ್ಟೋ ಕನಿಕರವೋ ತೀರ್ಮಾನವಾಗದೆ ಉಪ್ಪಿನಕಾಯಿಯನ್ನು ಮೂರು ಸಲ ಬಡಿಸಿಕೊಂಡ. ಕೊನೆಗೆ ಫರ್ಹಾಳೇ ಶುರು ಮಾಡಿದಳು.

"ಹಾಗಾದ್ರೆ ಹಡಗು?"

"ಬಂದರಲ್ಲಿ ಹಡಗು ನಿಂತೇ ಇರ್ತಾವಲ್ಲ ಪುಟ್ಟಿ."

"ಹಂದಿಗಳು?"

"ಒಂದೇ ಒಂದು. ಅದೂ ಪಕ್ಕದ ಹೋಟೆಲಿನ ಕಸದ ಚೀಲಕ್ಕೆ ಬಂದಿದ್ದು. ನನ್ನ ಕಂಡು ಓಡಿಹೋಯ್ತು." ತಿದ್ದಿಕೊಂಡು, "ನಾನೇ ಓಡಿದೆ" ಎಂದ.

"ಮತ್ತೆ ಇಷ್ಟು ವರ್ಷ ಓದಿದ್ದು?"

ಅವನು ಸಾಲಿಹ್ ಮಾವನ ವಿಷಯ ಹೇಳಿದ, ಬಿಸ್ಕತ್ತಿನ ಡಬ್ಬಿಯ ವಿಷಯ ಹೇಳಿದ, ಈರುಳ್ಳಿಯ ವಿಷಯ ಹೇಳಿದ. ವರ್ಷದ ಐವತ್ತನಾಲ್ಕು ಪಾಠಗಳೂ, ಆದಿಯಿಂದ ಅಂತ್ಯದವರೆಗೆ, ತನ್ನ ತಲೆಯಲ್ಲಿವೆ ಎಂದ. ಜೀವನದಲ್ಲಿ ಮೊದಲ ಬಾರಿಗೆ ದನಿ ತಗ್ಗಿಸಿ ಹೇಳಿದ.

ಫರ್ಹಾ ಅವನತ್ತ ತೋರುಬೆರಳು ಚಾಚಿದಳು. "ಸುಳ್ಳು. ಅಷ್ಟೊಂದು ಯಾರಿಗೂ ಬಾಯಿಪಾಠ ಬರಲ್ಲ."

"ಸಂಜೆ ಸಬ್ಬತ್ ಮುಗೀಲಿ, ಕ್ಯಾಸೆಟ್ ಹಾಕಿ ನೋಡು. ಯಾವುದು ಬೇಕಾದ್ರೂ ತೆಗಿ, ಜೊತೆಗೇ ಹೇಳ್ತೀನಿ. ನಾಳೆ ಹಳದಿ ಕೋಣೆಗೆ ನಿನ್ನ ಜೊತೆ ಬರ್ತೀನಿ. ಮುಂದಿನ ಬೆಂಚಲ್ಲಿ ಕೂರ್ತೀನಿ. ಇನ್ನೇನು ಬೇಕು?"

ಚಿಹಾರು ಸೌಟು ಹಿಡಿದು ಅವನ ಬಟ್ಟಲಿನ ಮೇಲೆ ತಡೆದಿದ್ದಳು. ಹುಬ್ಬು ಗಂಟಿಕ್ಕಿ ಏನನ್ನೋ ಕೂಡಿಸಿ ನೋಡುತ್ತಿದ್ದಳು.

"ಮಾವ, ಪ್ರತಿ ವರ್ಷ ಮಳೆ ಹಿಡಿಯೋ ವಾರ ನಿಮಗೆ ಜ್ವರ ಬರುತ್ತಲ್ಲ. ಹನ್ನೊಂದು ವರ್ಷದಿಂದ ಗಂಜಿ ಕಾಯಿಸಿ ಹುಳಿ ಪ್ಲಮ್ ಹಾಕಿ ಕೊಟ್ಟಿದೀನಿ. ಥರ್ಮಾಮೀಟರು ಒಂದು ಸಲಾನೂ ಏರಿಲ್ಲ. ಅದು ಯಾಕೆ ಅದೇ ವಾರ?"

ಹೆಸ್ಕೇಲ್ ಬಟ್ಟಲು ನೋಡಿದ, ಮಗನನ್ನು ನೋಡಿದ. ಬೆಳ್ಳಿ ಬೆರಳಿನಂತೆ ಇನ್ನೂ ತನ್ನತ್ತ ಚಾಚಿದ್ದ ಮೊಮ್ಮಗಳ ಪುಟ್ಟ ತೋರುಬೆರಳನ್ನು ನೋಡಿದ.

"ಐವತ್ತಮೂರು" ಎಂದ. "ಆ ವಾರದ ಕ್ಯಾಸೆಟ್ಟನ್ನ ಮಷೀನು ತಿಂದುಬಿಡ್ತು."